ಮೇಜರ್ ಸಾಹೇಬರಿಗಾಗಿ ಒಂದು ದಿನದ ರಜೆ

ಆ ಗುರುವಾರ ಹರ್ಷವರ್ಧನ ಪಟ್ಟ ಪಾಡಿಗೆಲ್ಲ ಮೂಲ ಅವನು ಆರಿಸಿಕೊಂಡ ಕಾಯಿಲೆ.

ಜ್ವರ ಅಂದಿದ್ದರೆ ಮಾರನೆಯ ದಿನ ಆಫೀಸಿನಲ್ಲಿ ಒಬ್ಬೊಬ್ಬರೂ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಸೊಂಟನೋವು ಅಂದಿದ್ದರೆ ವಾರವಿಡೀ ಬಗ್ಗಿಕೊಂಡು ನಡೆಯಬೇಕಿತ್ತು. ಎದೆನೋವು ಅನ್ನಲು ಅವನಿಗೇ ಹೆದರಿಕೆ. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಬಂದು ಕೊನೆಗೆ ಭೇದಿಯ ಮುಂದೆ ನಿಂತ. ಭೇದಿ ಎಂದರೆ ಯಾರೂ ಹೆಚ್ಚು ವಿಚಾರಿಸುವುದಿಲ್ಲ, ವಿಚಾರಿಸಿದವರೂ ಹತ್ತಿರ ಬರುವುದಿಲ್ಲ ಎಂಬುದು ಅವನ ಅಂದಾಜು.

ಬೆಳಿಗ್ಗೆ ಎಂಟು ಗಂಟೆಗೆ ಹೊಳೆನರಸೀಪುರದ ತನ್ನ ಮನೆಯಿಂದ ಹಾಸನದ ಕಚೇರಿಯ ಮೇಲಧಿಕಾರಿ ಗೌರೀಶರಿಗೆ ಫೋನ್ ಮಾಡಿ, ದನಿಯನ್ನು ಆದಷ್ಟು ಕುಗ್ಗಿಸಿ, "ಸಾರ್, ಹೊಟ್ಟೆ ಕೆಟ್ಟಿದೆ. ಇವತ್ತೊಂದು ದಿನ ರಜ ಬೇಕಿತ್ತು" ಅಂದ.

"ಭೇದಿನಾ?" ಗೌರೀಶರ ದನಿಯಲ್ಲಿ ಇದ್ದಕ್ಕಿದ್ದಂತೆ ಜೀವ ಬಂತು. "ಎಷ್ಟು ಸಲ ಆಯ್ತು?"

ಈ ಪ್ರಶ್ನೆಗೆ ಹರ್ಷವರ್ಧನ ಸಿದ್ಧನಾಗಿರಲಿಲ್ಲ. "ಒಂಬತ್ತು ಸಾರ್" ಅಂದುಬಿಟ್ಟ.

"ಒಂಬತ್ತಾ! ಎಂಟು ಗಂಟೆಗೇ ಒಂಬತ್ತಾ! ರೀ, ಹುಡುಗಾಟ ಅಲ್ಲ ಇದು. ಹೊಟ್ಟೆ ನುಲಿಯುತ್ತೋ, ಇಲ್ಲಾ ಸುಮ್ಮನೆ ಹೋಗುತ್ತೋ?"

ಗೌರೀಶರು ಹನ್ನೆರಡು ವರ್ಷದಿಂದ ಹೊಟ್ಟೆಯ ತೊಂದರೆಯಲ್ಲಿ ನುರಿತವರು. ಹಾಸನದ ಅಷ್ಟೂ ಡಾಕ್ಟರುಗಳಿಗೂ ಅವರ ಕರುಳಿನ ಪರಿಚಯವಿತ್ತು. ಕಚೇರಿಯಲ್ಲಿ ತಮ್ಮಂಥವರು ಇನ್ನೊಬ್ಬರಿಲ್ಲವಲ್ಲ ಎಂಬ ಒಂಟಿತನದಲ್ಲಿ ಬೇಯುತ್ತಿದ್ದ ಆ ಒಳ್ಳೆಯ ಮನುಷ್ಯನಿಗೆ ಹರ್ಷವರ್ಧನ ತಾನಾಗಿಯೇ ಹೋಗಿ ಜೊತೆಯಾಗಿದ್ದ. ಕಾಲು ಗಂಟೆ ಸಲಹೆ ಕೊಟ್ಟ ಮೇಲೆ ಅವರು, "ಅರ್ಧ ಗಂಟೆಗೊಂದು ಸಲ ಫೋನ್ ಮಾಡ್ತಿರ್ತೀನಿ. ಧೈರ್ಯವಾಗಿರಿ" ಎಂದು ಇಟ್ಟರು.

ನಿಜವಾದ ಸಂಗತಿ ಹೀಗಿತ್ತು. ಮೇಜರ್ ಅಭಿರಾಮನ ಸರಣಿಯ ಹತ್ತನೆಯ ಭಾಗ ಮಂಗಳವಾರ ಕೊರಿಯರಿನಲ್ಲಿ ಬಂದಿತ್ತು. ಅದೇ ಕೊನೆಯದು. ಬರೆದವರು ಯಾರೋ ನಿವೃತ್ತ ಸೈನಿಕರಂತೆ. ಹಿಮದ ಗಡಿ, ಗುಪ್ತ ಸಂಕೇತ, ನಮ್ಮ ದಂಡಿನೊಳಗೇ ಅಡಗಿರುವ ದ್ರೋಹಿ, ಗುಂಡಿನ ಮಳೆಯ ನಡುವೆಯೇ ಮೊಳೆಯುವ ಪ್ರೇಮ, ಇಷ್ಟನ್ನೂ ಹದವಾಗಿ ಕಲಸಿ ಇಪ್ಪತ್ತು ವರ್ಷದಿಂದ ಬಡಿಸುತ್ತಿದ್ದರು. ಹರ್ಷವರ್ಧನನದೊಂದು ನೇಮವಿತ್ತು. ಹೊಸ ಭಾಗ ಬಂದಾಗಲೆಲ್ಲ ಮೊದಲ ಭಾಗವನ್ನು ಇನ್ನೊಮ್ಮೆ ಓದಿ ಮುಗಿಸದೆ ಹೊಸದನ್ನು ಬಿಚ್ಚುವಂತಿಲ್ಲ. ಅದೂ ಬಸ್ಸಿನಲ್ಲಿ, ರೈಲಿನಲ್ಲಿ ತುಂಡು ತುಂಡಾಗಿ ಓದುವ ಪುಸ್ತಕ ಅದಲ್ಲ. ಒಂದೇ ಸಲಕ್ಕೆ ಕೂತು ಓದಬೇಕು.

ಹೆಂಡತಿ ಪ್ರತಿಭಾ ಇದ್ದರೆ ಅದು ಆಗದ ಮಾತು. ಅವಳಿಗೆ ಪುಸ್ತಕ ಹಿಡಿದು ಕೂತ ಗಂಡ ಎಂದರೆ ಕೆಲಸವಿಲ್ಲದ ಗಂಡ. ಕೂಡಲೇ ಫ್ಯಾನು ಒರೆಸಲು ಸ್ಟೂಲು ತಂದಿಡುತ್ತಾಳೆ. ಆದರೆ ಈ ಗುರುವಾರ ಚನ್ನರಾಯಪಟ್ಟಣದಲ್ಲಿ ಅವಳ ತಂಗಿಯ ಸೀಮಂತ. ಆರೂವರೆಯ ಬಸ್ಸಿಗೆ ಅವಳನ್ನು ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸಿ, ಹರ್ಷವರ್ಧನ ರೆಕ್ಕೆ ಬಂದವನಂತೆ ಮನೆಗೆ ವಾಪಸಾಗಿದ್ದ.

ಮುಂಬಾಗಿಲಿಗೆ ಅಗುಳಿ ಹಾಕಿದ. ಬೀದಿ ಕಡೆಯ ಕಿಟಕಿ ಮುಚ್ಚಿದ. ಬನಿಯನ್ನು, ಪಂಚೆಯಲ್ಲಿ ಈಜಿಚೇರಿಗೆ ಒರಗಿ, ಪಕ್ಕದಲ್ಲಿ ಒಂದು ಫ್ಲಾಸ್ಕು ಕಾಫಿ, ಒಂದು ಡಬ್ಬಿ ಕೋಡುಬಳೆ ಇಟ್ಟುಕೊಂಡು ಮೊದಲ ಭಾಗವನ್ನು ತೆರೆದ. ರಕ್ಷಾಪುಟದಲ್ಲಿ ಬಂದೂಕು ಹಿಡಿದ ಮೇಜರ್, ಅವನ ಭುಜಕ್ಕೆ ಒರಗಿದ ಸೇನಾ ವೈದ್ಯೆ ಕ್ಯಾಪ್ಟನ್ ಶೋಭಿತಾ, ಇಬ್ಬರ ಹಿಂದೆ ಒಂದು ಹೆಲಿಕಾಪ್ಟರು. ಕಲಾವಿದ ಹೆಲಿಕಾಪ್ಟರ್ ನೋಡಿದವನಲ್ಲವೆಂದು ಕಾಣುತ್ತದೆ, ಅದು ಮಿಡತೆಯ ಹಾಗಿತ್ತು. ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆಂಬ ಮಾತು ಕೇಳುತ್ತ ಕೇಳುತ್ತಲೇ ಕೂದಲು ನರೆತ ಹರ್ಷವರ್ಧನನಿಗೆ ಆ ಮಿಡತೆಯೇ ಸಾಕಾಗಿತ್ತು.

ಮೊದಲ ಸಲ ಓದುವಾಗ ಅವನಿಗೆ ಇಪ್ಪತ್ತೆಂಟು. ಆಗ ಮುಂದೇನು, ಮುಂದೇನು ಎಂದು ಪುಟಗಳ ಮೇಲೆ ಓಡಿದ್ದ. ಈಗ ನಡೆದುಕೊಂಡು ಹೋಗುವವನ ಸುಖ. ಆರನೆಯ ಭಾಗದಲ್ಲಿ ದ್ರೋಹಿ ಎಂದು ಬಯಲಾಗುವ ಕರ್ನಲ್ ಇಲ್ಲಿ, ಎರಡನೆಯ ಅಧ್ಯಾಯದಲ್ಲಿ, ಮೇಜರನಿಗೆ ಎಷ್ಟು ಪ್ರೀತಿಯಿಂದ ಛತ್ರಿ ಹಿಡಿಯುತ್ತಾನೆ! "ನಗು ಮಗನೇ, ನಗು" ಎಂದು ಹರ್ಷವರ್ಧನ ಕರ್ನಲ್ಲನ ಕಡೆ ಬೆರಳು ತೋರಿಸಿದ. ಇನ್ನೊಂದು ಬದಲಾವಣೆಯೂ ಆಗಿತ್ತು. ಆಗೆಲ್ಲ ಮೇಜರ್ ಅಂದರೆ ತಾನೇ ಅಂದುಕೊಂಡು ಓದುತ್ತಿದ್ದವನಿಗೆ ಈಗ ಉಗ್ರಾಣದಲ್ಲಿ ಕೂತು ಕಂಬಳಿ ಹಂಚುವ ಮುದಿ ಸುಬೇದಾರನೇ ಹತ್ತಿರದವನಾಗಿ ಕಂಡ. ಗುಂಡು ಹಾರುತ್ತಿದ್ದರೂ ಆತ, "ಸಹಿ ಹಾಕಿ ತಗೊಂಡು ಹೋಗಿ ಸಾರ್" ಅನ್ನುತ್ತಾನೆ. ಆ ಮಾತಿಗೆ ಹರ್ಷವರ್ಧನನ ಕಣ್ಣಲ್ಲಿ ನೀರೇ ಬಂತು.

ಇದರ ನಡುವೆ ಗೌರೀಶರ ಫೋನು. ಒಂಬತ್ತಕ್ಕೆ, "ಈಗ ಎಷ್ಟಾಯ್ತು?" "ಹನ್ನೊಂದು ಸಾರ್." ಒಂಬತ್ತೂವರೆಗೆ, "ಈಗ?" "ಹನ್ನೆರಡು." ಹತ್ತಕ್ಕೆ ಗಮನ ಪುಸ್ತಕದ ಮೇಲಿದ್ದುದರಿಂದ, "ಹತ್ತು ಸಾರ್" ಅಂದುಬಿಟ್ಟ.

"ಹನ್ನೆರಡು ಆಗಿತ್ತಲ್ರೀ! ಕಮ್ಮಿ ಹೆಂಗಾಯ್ತು? ಬುದ್ಧಿ ಮಂಕಾಗ್ತಾ ಇದೆ ನಿಮಗೆ. ಮೈಯಲ್ಲಿ ನೀರು ಕಮ್ಮಿ ಆದಾಗ ಹಿಂಗೇ ಆಗೋದು."

ಹರ್ಷವರ್ಧನ ಫೋನು ಆರಿಸಿ ಬೀರುವಿನೊಳಗೆ ಸೀರೆಗಳ ಕೆಳಗೆ ತಳ್ಳಿಬಂದ.

ಹನ್ನೆರಡನೆಯ ಅಧ್ಯಾಯದಿಂದ ಅವನು ಗಟ್ಟಿಯಾಗಿ ಓದತೊಡಗಿದ. ಮೇಜರನ ಮಾತುಗಳನ್ನು ಮನಸ್ಸಿನಲ್ಲಿ ಓದಿಕೊಳ್ಳುವುದು ಆ ಮಾತಿಗೂ ಮರ್ಯಾದೆಯಲ್ಲ. ಮನೆಯಲ್ಲಿ ಕೇಳುವವರೂ ಇರಲಿಲ್ಲ. ಮೇಜರನಿಗೆ ಎದೆಯಾಳದ ದನಿ, ಶೋಭಿತಾಳಿಗೆ ಸಣ್ಣ ದನಿ, ಕರ್ನಲ್ಲನಿಗೆ ಮೂಗಿನ ದನಿ. ಹೀಗೆ ಓದುತ್ತ ಹದಿನೇಳನೆಯ ಅಧ್ಯಾಯಕ್ಕೆ ಬಂದ. ಇಡೀ ಸರಣಿಯ ಜೀವಾಳವೇ ಅದು. ಸಾವಿರ ಅಡಿ ಕಮರಿಯ ಮೇಲೆ ಒಂದೇ ಹಗ್ಗ. ಹಗ್ಗದ ತುದಿಯಲ್ಲಿ ಮೇಜರ್, ಮೇಲೆ ಬಂಡೆಗೆ ಆತುಕೊಂಡು ಶೋಭಿತಾ. ಅವನ ಭಾರಕ್ಕೆ ಅವಳೂ ಜಾರುತ್ತಿದ್ದಾಳೆ.

ಹರ್ಷವರ್ಧನ ಎದ್ದು ನಿಂತ. "ಹಗ್ಗ ಕತ್ತರಿಸು ಶೋಭಿತಾ! ನಾನು ಸತ್ತರೂ ಚಿಂತೆಯಿಲ್ಲ!" ಎಂದು ಗುಡುಗಿದ. ಮರುಗಳಿಗೆಯಲ್ಲಿ ಸಣ್ಣ ದನಿ ತೆಗೆದು, "ಇಲ್ಲ! ನಿಮ್ಮನ್ನ ಬಿಟ್ಟು ನಾನು ಬದುಕಲಾರೆ!" ಎಂದು ಬಿಕ್ಕಿದ.

ಗೋಡೆಯ ಆ ಕಡೆ ಪಕ್ಕದ ಮನೆಯ ಸುಬ್ಬಮ್ಮ ತನ್ನ ಹಸುವಿಗೆ ಹಿಂಡಿ ಕಲಸುತ್ತಿದ್ದಳು. ಹಿಂಡಿಯ ಕೈ ಹಾಗೇ ನಿಂತಿತು. ಹೆಂಡತಿ ಊರಿಗೆ ಹೋಗಿದ್ದಾಳೆ. ಕಿಟಕಿ ಮುಚ್ಚಿದೆ. ಒಳಗೆ ಒಂದು ಗಂಡು ದನಿ, ಒಂದು ಹೆಣ್ಣು ದನಿ, ಒಂದು ಹಗ್ಗ. ಅವಳು ಮೊದಲು ಗಂಡ ಗಂಗಯ್ಯನನ್ನು ಕೂಗಿದಳು, ಆಮೇಲೆ ಚನ್ನರಾಯಪಟ್ಟಣಕ್ಕೆ ಫೋನು ಮಾಡಿದಳು. ಇದೆಲ್ಲ ಹರ್ಷವರ್ಧನನಿಗೆ ತಿಳಿದದ್ದು ಆಮೇಲೆ. ಆಗ ಅವನಿಗೆ ಕೇಳಿಸಿದ್ದು ಬಾಗಿಲು ಮುರಿಯುವಂಥ ಬಡಿತ ಮಾತ್ರ.

"ಬಾಗ್ಲು ತಗೀರಿ! ಏನೂ ಮಾಡ್ಕೋಬ್ಯಾಡಿ ಅರ್ಸಣ್ಣ! ನಾವಿದೀವಿ!"

ಗಾಬರಿಯಲ್ಲಿ ಅವನು ಪುಸ್ತಕವನ್ನು ಬನಿಯನ್ನಿನೊಳಗೆ ತಳ್ಳಿ, ಪಂಚೆಯನ್ನು ಅದರ ಮೇಲೆ ಬಿಗಿದು ಕಟ್ಟಿ, ಬಾಗಿಲು ತೆಗೆದ. ಗಂಗಯ್ಯ ಕೈಯಲ್ಲಿ ಹಾರೆ ಹಿಡಿದಿದ್ದ. ಹಿಂದೆ ಹಿಂಡಿ ಮೆತ್ತಿದ ಕೈಯಲ್ಲಿ ಸುಬ್ಬಮ್ಮ.

"ಅಗ್ಗ ಎಲ್ಲೈತೆ?" ಗಂಗಯ್ಯ ಕೇಳಿದ.

"ಯಾವ ಹಗ್ಗ?"

ಗಂಗಯ್ಯ ಉತ್ತರಕ್ಕೆ ಕಾಯದೆ ಒಳನುಗ್ಗಿ, ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಸುತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಸುಬ್ಬಮ್ಮ ಮಂಚದ ಕೆಳಗೆ ಬಗ್ಗಿ ನೋಡಿದಳು, ಅಟ್ಟ ನೋಡಿದಳು, ಅಕ್ಕಿ ಡ್ರಮ್ಮಿನ ಮುಚ್ಚಳವನ್ನೂ ಎತ್ತಿದಳು.

"ಆ ಎಣ್ಮಗಳು ಎಲ್ಲಿ ಓದ್ಲು?"

"ಯಾವ ಹೆಣ್ಮಗಳು ಸುಬ್ಬಮ್ಮ?"

"ಶೋಬಿತಾ! ನಾನು ನನ್ ಕಿವಿಯಾರೆ ಕೇಳಿವ್ನಿ. ನಿಮ್ಮುನ್ ಬುಟ್ಟು ಬದುಕಾಕಿಲ್ಲ ಅಂತ ಅತ್ಕಂಡ್ಲು. ಪಾಪ, ಪ್ರತಿಬಮ್ಮುಂಗೆ ಏನಂತ ಏಳಾದು!"

ಹರ್ಷವರ್ಧನನಿಗೆ ಒಂದು ಕಡೆ ನಗು, ಒಂದು ಕಡೆ ನಾಚಿಕೆ. ಪುಸ್ತಕ ತೆಗೆದು ತೋರಿಸಿಬಿಟ್ಟರೆ ಮುಗಿಯಿತು ಎಂದು ಬನಿಯನ್ನಿಗೆ ಕೈಹಾಕಿದ. ಅದೇ ಹೊತ್ತಿಗೆ ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಹರ್ಷವರ್ಧನನ ಕೈ ಅಲ್ಲೇ ನಿಂತಿತು. ಆ ಜೀಪಿನ ಬ್ರೇಕು ಕಿರುಚುವ ಬಗೆ ಅವನಿಗೆ ಎಂಟು ವರ್ಷದಿಂದ ಗೊತ್ತು.

ಗೌರೀಶರು ಅಂದು ಅರಕಲಗೂಡಿಗೆ ಇನ್‌ಸ್ಪೆಕ್ಷನ್‌ಗೆ ಹೋಗಿದ್ದವರು, ಇವನ ಫೋನು ಸ್ವಿಚ್ ಆಫ್ ಆದದ್ದನ್ನು ಕಂಡು, ಅರಕಲಗೂಡಿನಲ್ಲಿ ಅರ್ಧಕ್ಕೇ ಫೈಲು ಮುಚ್ಚಿ, ಇಲ್ಲಿಗೆ ಜೀಪು ತಿರುಗಿಸಿದ್ದರು. ಒಂದು ಕೈಯಲ್ಲಿ ಎಳನೀರಿನ ಗೊಂಚಲು, ಇನ್ನೊಂದರಲ್ಲಿ ಓಆರ್‌ಎಸ್ ಪೊಟ್ಟಣಗಳ ಮಾಲೆ.

"ಬದುಕಿದೀರಲ್ಲ! ಅಷ್ಟು ಸಾಕು" ಎಂದು ಅವರು ಹೊಸಿಲಲ್ಲೇ ಉಸಿರು ಬಿಟ್ಟರು. "ಹತ್ತು ಅಂದಾಗಲೇ ನನ್ನ ಎದೆ ಧಸಕ್ ಅಂತು. ಯಾಕ್ರೀ ನಿಂತಿದೀರಿ? ಮಲಗ್ರೀ ಮೊದಲು!"

ಹರ್ಷವರ್ಧನ ಮಲಗಿದ. ಪುಸ್ತಕ ಹೊಟ್ಟೆಗೆ ಒತ್ತಿತು. ಮಲಗಿದಾಗಲೇ ಅವನಿಗೆ ತನ್ನ ಸ್ಥಿತಿ ಪೂರ್ತಿ ಅರ್ಥವಾದದ್ದು. ಪುಸ್ತಕ ತೋರಿಸಿದರೆ ಸುಬ್ಬಮ್ಮನ ಅನುಮಾನ ಹೋಗುತ್ತದೆ, ಗೌರೀಶರಿಗೆ ಭೇದಿ ಸುಳ್ಳೆಂದು ಗೊತ್ತಾಗುತ್ತದೆ. ತೋರಿಸದಿದ್ದರೆ ಭೇದಿ ಉಳಿಯುತ್ತದೆ, ಜೊತೆಗೆ ಶೋಭಿತಾಳೂ ಉಳಿಯುತ್ತಾಳೆ. ಬೈಯುವ ಅಧಿಕಾರಿಯಾಗಿದ್ದರೆ ತಪ್ಪೊಪ್ಪಿಕೊಳ್ಳಬಹುದಿತ್ತು. ಇನ್‌ಸ್ಪೆಕ್ಷನ್ ಬಿಟ್ಟು ಎಳನೀರು ತಂದವರಿಗೆ ಏನಂತ ಹೇಳುವುದು?

ಅಷ್ಟರಲ್ಲಿ ಸುಬ್ಬಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಗೌರೀಶರ ಮುಂದೆ ಸುರಿದಿದ್ದಳು. "ಅಗ್ಗ ಕತ್ತರ್ಸು ಶೋಬಿತಾ ಅಂದ್ರು ಸಾ. ನನ್ ಹಸಿನಾಣೆ!"

ಗೌರೀಶರ ಮುಖ ಗಂಭೀರವಾಯಿತು. "ಯಾರ್ರೀ ಶೋಭಿತಾ?"

ಹರ್ಷವರ್ಧನನ ಬಾಯಿಂದ ಪುಸ್ತಕದಲ್ಲಿದ್ದದ್ದೇ ಬಂತು. "ಡಾಕ್ಟರು ಸಾರ್."

"ಓ! ಡಾಕ್ಟರಾ?"

"ಹೌದು ಸಾರ್, ಫೋನಲ್ಲಿ ಸಲಹೆ ಕೇಳ್ತಾ ಇದ್ದೆ, ಆಮೇಲೆ ಚಾರ್ಜು ಮುಗಿದು ಆಫ್ ಆಯ್ತು. ಹಗ್ಗ ಅಲ್ಲ ಸುಬ್ಬಮ್ಮ, ಹಾಗಲ! ಹಾಗಲಕಾಯಿ! ಅದನ್ನ ಕತ್ತರಿಸಿ ರಸ ಕುಡೀಬೇಕು ಅಂದ್ರು. 'ಹಾಗಲ ಕತ್ತರಿಸಬೇಕಾ ಶೋಭಿತಾ ಮೇಡಂ' ಅಂತ ನಾನು ಕೇಳಿದೆ."

ಸುಬ್ಬಮ್ಮ ಕೆನ್ನೆ ಮೇಲೆ ಬೆರಳಿಟ್ಟು ಯೋಚಿಸಿದಳು. "ಆಗ್ಲ ಅಂದ್ರಾ? ನಂಗೆ ಅಗ್ಗ ಅಂತ ಕೇಳುಸ್ತು. ಮತ್ತೆ ನಿಮ್ಮುನ್ ಬುಟ್ಟು ಬದುಕಾಕಿಲ್ಲ ಅಂದದ್ದು?"

"ಅನ್ನ! 'ಅನ್ನ ಬಿಟ್ಟು ಬದುಕಲಾರೆ' ಅಂದೆ. ಅವರು ಬರೀ ಗಂಜಿ ಅಂದ್ರಲ್ಲ, ಅದಕ್ಕೆ."

"ಎಣ್ಣಿನ ದನಿ ಇತ್ತಲ್ಲ?"

"ನಿಶ್ಶಕ್ತಿ ಸುಬ್ಬಮ್ಮ" ಎಂದು ಹರ್ಷವರ್ಧನ ಸಣ್ಣ ದನಿಯಲ್ಲೇ ಅಂದ. "ಸ್ವರ ಸಣ್ಣಗಾಗಿಬಿಟ್ಟಿದೆ."

ಗೌರೀಶರು ಹನಿಗಣ್ಣಾದರು. "ಅನ್ನ ಬಿಟ್ಟು ಬದುಕಲಾರೆ! ನೋಡಿ, ಇಂಥ ಮಾತು ಹೊಟ್ಟೆ ಕೆಟ್ಟವನ ಬಾಯಲ್ಲೇ ಬರೋದು. ಹಾಗಲದ ರಸ ನನಗೆ ಯಾರೂ ಹೇಳಿರಲಿಲ್ಲ. ಕುಡಿದ್ರಾ?"

"ಇನ್ನೂ ಇಲ್ಲ ಸಾರ್. ಮನೇಲಿ ಹಾಗಲಕಾಯಿ ಇಲ್ಲ."

"ನಮ್ಮನೇಲಿ ಚಪ್ರುದ್ ತುಂಬಾ ಬುಟ್ಟವೆ!" ಗಂಗಯ್ಯ ಹಗ್ಗ ಹೆಗಲಿಗೇರಿಸಿಕೊಂಡೇ ಓಡಿದ.

ಐದು ನಿಮಿಷದಲ್ಲಿ ಹಸಿರು ರಸ ತುಂಬಿದ ದೊಡ್ಡ ಲೋಟ ಬಂತು. ಗೌರೀಶರು ತಲೆ ಹಿಡಿದರು, ಗಂಗಯ್ಯ ಲೋಟ ಹಿಡಿದ. ಎರಡು ಗುಟುಕಿಗೆ ಹರ್ಷವರ್ಧನನ ಮುಖ ಹಿಂಡಿದ ಬಟ್ಟೆಯಂತಾಯಿತು. ಹದಿನೇಳನೆಯ ಅಧ್ಯಾಯದಲ್ಲಿ ಮೇಜರ್ ಇನ್ನೂ ನೇತಾಡುತ್ತಲೇ ಇದ್ದ. ಅವನೇ ಪುಣ್ಯವಂತ ಅನ್ನಿಸಿತು.

"ಅಯ್ಯೋ, ಹೊಟ್ಟೆ ನೋಡ್ರೀ!" ಗೌರೀಶರು ಇದ್ದಕ್ಕಿದ್ದಂತೆ ಅಂದರು. "ಉಬ್ಬಿಬಿಟ್ಟಿದೆ. ಹನ್ನೆರಡು ವರ್ಷದಲ್ಲಿ ಎಷ್ಟೋ ಹೊಟ್ಟೆ ನೋಡಿದೀನಿ, ಮೂಲೆ ಬಂದಿರೋ ಹೊಟ್ಟೆ ನೋಡಿರಲಿಲ್ಲ."

ಹರ್ಷವರ್ಧನ ಸರಕ್ಕನೆ ದುಪ್ಪಟಿ ಎಳೆದುಕೊಂಡ. "ಚಳಿ ಸಾರ್."

"ಚಳೀನೂ ಶುರುವಾಯ್ತಾ!"

ಆಗ ಬಾಗಿಲಲ್ಲಿ ಪ್ರತಿಭಾ ಕಾಣಿಸಿಕೊಂಡಳು. ಮೈಮೇಲೆ ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ತಂಗಿಗೆ ತೊಡಿಸಬೇಕಾಗಿದ್ದ ಹಸಿರು ಬಳೆಗಳ ಡಬ್ಬಿ ಕೈಯಲ್ಲೇ ಇತ್ತು. ಚನ್ನರಾಯಪಟ್ಟಣದಿಂದ ಯಾರದೋ ಕಾರಿನಲ್ಲಿ ಬಂದಿದ್ದಳು. ದಾರಿಯುದ್ದಕ್ಕೂ ಅತ್ತ ಗುರುತು ಕೆನ್ನೆಯ ಮೇಲಿತ್ತು. ಕಣ್ಣಲ್ಲಿ ಮಾತ್ರ ಈಗ ಬೆಂಕಿ.

"ಎಲ್ಲಿ ಅವಳು?"

"ಗಾಬರಿ ಆಗಬೇಡಿ ತಾಯಿ" ಎಂದರು ಗೌರೀಶರು. "ಶೋಭಿತಾ ಅಂದರೆ ಡಾಕ್ಟರು. ನಿಮ್ಮ ಯಜಮಾನರಿಗೆ ಭೇದಿ."

"ಭೇದಿನಾ? ಬೆಳಿಗ್ಗೆ ಎಂಟು ಇಡ್ಲಿ ತಿಂದು ನನ್ನ ಬಸ್ ಹತ್ತಿಸಿದ್ರಲ್ಲ!"

"ಆ ಇಡ್ಲೀದೇ ಇರಬೇಕು" ಅಂದುಬಿಟ್ಟ ಹರ್ಷವರ್ಧನ. ಅಂದ ಕೂಡಲೇ ನಾಲಗೆ ಕಚ್ಚಿಕೊಂಡ. ಇಡ್ಲಿ ಪ್ರತಿಭಾಳದು.

ಪ್ರತಿಭಾ ಬಳೆಯ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಇಟ್ಟ ಸದ್ದಿಗೆ ಒಳಗೆ ಎರಡಾದರೂ ಒಡೆದಿರಬೇಕು. "ಹದಿನಾರು ವರ್ಷದಿಂದ ಈ ಊರಲ್ಲಿದೀನಿ. ಶೋಭಿತಾ ಅನ್ನೋ ಡಾಕ್ಟರು ಇಲ್ಲಿ ಯಾರೂ ಇಲ್ಲ. ಹಾಸನದಲ್ಲಿ ಇದಾರಾ? ಯಾವ ಆಸ್ಪತ್ರೆ? ಹೇಳಿ."

ಹರ್ಷವರ್ಧನ ಬಾಯಿ ತೆರೆದ. ಅಷ್ಟರಲ್ಲಿ ಸುಬ್ಬಮ್ಮ ತೊಡೆ ತಟ್ಟಿಕೊಂಡಳು.

"ಅಯ್ಯೋ, ಅವ್ರೇ ಕಣವ್ವಾ! ಯಾಕಿಲ್ಲ? ಎರಡು ತಿಂಗ್ಳಾಯ್ತು ಬಂದು. ನಮ್ ಹಸೀಗೆ ಸೂಜಿ ಆಕಾಕೆ ಬತ್ತಾರಲ್ಲ ಡಾಕುಟ್ರಮ್ಮ, ಅವ್ರ್ ಎಸ್ರೂ ಶೋಬಿತಾನೇ!"

ಪ್ರತಿಭಾಳೂ ಗೌರೀಶರೂ ಒಟ್ಟಿಗೇ ಸುಬ್ಬಮ್ಮನ ಕಡೆ ತಿರುಗಿದರು.

"ದನದ ಡಾಕ್ಟ್ರಾ?" ಎಂದಳು ಪ್ರತಿಭಾ.

"ದನದ ಡಾಕ್ಟರಿಗೆ ಫೋನ್ ಮಾಡಿದ್ರಾ?" ಎಂದರು ಗೌರೀಶರು.

"ಅರ್ಜೆಂಟಿನಲ್ಲಿ ಸಾರ್..." ಎಂದ ಹರ್ಷವರ್ಧನ.

"ಯಾಕೆ, ಏನ್ ತಪ್ಪು?" ಸುಬ್ಬಮ್ಮನಿಗೆ ಸಿಟ್ಟು ಬಂತು. "ನಮ್ ಹಸ ಮೂರ್ ದಿನ ಬೇದಿ ಮಾಡ್ಕಂಡು ನೆಲ ಇಡ್ದಿತ್ತು. ಒಂದೇ ಸೂಜಿಗೆ ಎದ್ ನಿಲ್ಸುದ್ರು. ಇವತ್ತು ಇಂದ್ಗಡೆ ಬೀದಿಗೇ ಬಂದವ್ರೆ, ಲಸಿಕೆ ಆಕ್ತಾವ್ರೆ. ಏನ್ರೀ, ಓಗಿ ಕರ್ಕಂಡ್ ಬನ್ನಿ!"

"ಬೇಡ, ಅವರಿಗೆ ಯಾಕೆ ತೊಂದರೆ!" ಎಂದು ಹರ್ಷವರ್ಧನ ಅರ್ಧ ಎದ್ದ. ಪುಸ್ತಕದ ಮೂಲೆ ಪಕ್ಕೆಗೆ ಚುಚ್ಚಿ, "ಅಮ್ಮಾ!" ಎಂದು ಮತ್ತೆ ಬಿದ್ದ. ಅದನ್ನು ಕಂಡ ಗೌರೀಶರು, "ಓಡ್ರೀ, ದನದವರೋ ಜನದವರೋ, ಯಾರಾದ್ರೂ ಬರಲಿ!" ಎಂದು ಕೂಗಿದರು.

ಗಂಗಯ್ಯ ಓಡಿದ. ಹರ್ಷವರ್ಧನ ಸೂರಿನ ತೊಲೆ ನೋಡುತ್ತ ಮಲಗಿದ. ಆ ಹೆಂಗಸು ಬರುತ್ತಾರೆ, ಈ ಮನುಷ್ಯನ ಮುಖವನ್ನೇ ಕಂಡಿಲ್ಲ ಅನ್ನುತ್ತಾರೆ, ಅಲ್ಲಿಗೆ ನೌಕರಿಯ ಮಾನ, ಮನೆಯ ಮಾನ ಎರಡೂ ಒಟ್ಟಿಗೇ ಹೋಗುತ್ತವೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಪ್ರತಿಭಾ ಹೀಗೆ ಅವನನ್ನು ನೋಡಿರಲೇ ಇಲ್ಲ. ಅವಳು ಮಂಚದ ಕಾಲಿನ ಹತ್ತಿರ ನಿಂತು ಸೆರಗಿನ ಅಂಚನ್ನು ತಿರುಚುತ್ತಿದ್ದಳು. ಅದನ್ನು ಕಂಡು ಅವನಿಗೆ ಬಾಯಲ್ಲಿದ್ದ ಹಾಗಲದ ಕಹಿಯೂ ಮರೆತುಹೋಯಿತು. ಹೇಳಿಬಿಡೋಣ, ಆದದ್ದಾಗಲಿ, ಎಂದು ಅವನು ಗಂಟಲು ಸರಿಮಾಡಿಕೊಂಡ. ಹೊರಗೆ ಸ್ಕೂಟರು ಬಂದು ನಿಂತಿತು. ಹಿಂದೆ ಕೂತಿದ್ದ ಗಂಗಯ್ಯ ಫೋನಿನ ವಿಷಯ, ಹಾಗಲದ ವಿಷಯ ಇನ್ನೂ ಹೇಳುತ್ತಲೇ ಇದ್ದ.

ಒಳಗೆ ಬಂದವರು ಐವತ್ತು ದಾಟಿದ ದೃಢಕಾಯದ ಹೆಂಗಸು. ಮಂಡಿಯವರೆಗೆ ರಬ್ಬರ್ ಬೂಟು, ಹೆಗಲಿಗೆ ದೊಡ್ಡ ಚೀಲ, ಕೈಯಲ್ಲಿ ಲಸಿಕೆಯ ಪೆಟ್ಟಿಗೆ. ಮೈಯಿಂದ ಸಗಣಿ ಮತ್ತು ಫಿನಾಯಿಲಿನ ಬೆರಕೆ ವಾಸನೆ. ಅವರನ್ನು ಕಂಡದ್ದೇ ಪ್ರತಿಭಾಳ ಮುಖದ ಗಂಟು ಅರ್ಧ ಸಡಿಲವಾಯಿತು.

"ನೀವೇನಾ ಶೋಭಿತಾ?"

"ಹೌದು. ಯಾಕೆ?"

"ಇವರು ನಿಮಗೆ ಗೊತ್ತಾ?"

ಡಾಕ್ಟರು ಮಂಚದ ಮೇಲಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಲ್ಲವಲ್ಲ. ಇವರನ್ನ ನೋಡ್ತಿರೋದೇ ಇವತ್ತು."

ಗೌರೀಶರ ಕೈಯಿಂದ ಓಆರ್‌ಎಸ್ ಪೊಟ್ಟಣ ಜಾರಿ ಬಿತ್ತು. ಪ್ರತಿಭಾ ಕಣ್ಣು ಮುಚ್ಚಿಕೊಂಡಳು. ಹರ್ಷವರ್ಧನ ಏನನ್ನೋ ಬೇಡುವವನಂತೆ ಡಾಕ್ಟರ ಕಡೆ ನೋಡಿದ. ಮೂವತ್ತು ವರ್ಷ ಮೂಕಪ್ರಾಣಿಗಳ ನೋಟ ಓದಿ ಅಭ್ಯಾಸವಿದ್ದ ಆಕೆ ಆ ನೋಟವನ್ನೂ ಓದಿದರೋ ಏನೋ, ರೂಢಿಯ ಪ್ರಕಾರ ಕೈ ಚಾಚಿ ದುಪ್ಪಟಿಯ ಮೇಲಿಂದಲೇ ಅವನ ಹೊಟ್ಟೆ ತಟ್ಟಿದರು. ಟಕ್ ಟಕ್ ಎಂದಿತು. ಅವರ ಹುಬ್ಬು ಮೇಲೇರಿತು. ಇನ್ನೊಮ್ಮೆ ತಟ್ಟಿದರು. ಆಮೇಲೆ ಯಾರಿಗೂ ಕಾಣದಂತೆ ಬೆನ್ನು ಅಡ್ಡ ಮಾಡಿ, ದುಪ್ಪಟಿಯ ಅಂಚು ಎತ್ತಿ, ಮೇಲಕ್ಕೆ ಸರಿದಿದ್ದ ಬನಿಯನ್ನಿನ ಕೆಳಗಿನಿಂದ ಇಣುಕುತ್ತಿದ್ದ ಮಿಡತೆಯಂಥ ಹೆಲಿಕಾಪ್ಟರನ್ನು ನೋಡಿದರು.

ನೋಡಿದವರು ಹಾಗೇ ನಿಂತುಬಿಟ್ಟರು. ಅವರ ಉಸಿರು ನಿಂತಹಾಗೆ ಹರ್ಷವರ್ಧನನಿಗೆ ಅನ್ನಿಸಿತು.

"ಎಲ್ಲರೂ ಹೊರಗೆ ಹೋಗಿ" ಎಂದರು ಡಾಕ್ಟರು ನೆಟ್ಟಗಾಗಿ. "ಈಗ ನೆನಪಾಯ್ತು. ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದು ಇವರೇ. ಮುಖ ನೋಡಿರಲಿಲ್ಲ ಅಂದೆ, ಅಷ್ಟೆ. ಪರೀಕ್ಷೆ ಮಾಡಬೇಕು, ಬಾಗಿಲು ಮುಂದಕ್ಕೆ ಎಳ್ಕೊಳ್ಳಿ."

ಬಾಗಿಲು ಮುಚ್ಚಿತು. ಹರ್ಷವರ್ಧನ ಎದ್ದು ಕೂತು ಎರಡೂ ಕೈ ಮುಗಿದ. "ಮೇಡಂ, ನೀವು ದೇವರು. ಸುಳ್ಳು ಹೇಳಿ ರಜ ಹಾಕಿ..."

"ಎಷ್ಟನೇ ಅಧ್ಯಾಯ?" ಡಾಕ್ಟರು ಪಿಸುಗುಟ್ಟಿದರು.

ಅವನು ಕಣ್ಣರಳಿಸಿದ. "ನೀವೂ... ಓದ್ತೀರಾ?"

"ಒಂಬತ್ತು ಭಾಗ ಓದಿದೀನಿ. ಹತ್ತನೇದು ಮೊನ್ನೆ ಬಂತು, ಬಿಚ್ಚಿಲ್ಲ. ಎಷ್ಟನೇ ಅಧ್ಯಾಯ ಹೇಳಿ."

"ಹದಿನೇಳು ಮೇಡಂ. ಹಗ್ಗ."

"ಹಗ್ಗ" ಎಂದು ಆಕೆಯೂ ಅಂದರು, ದೇವಸ್ಥಾನದಲ್ಲಿ ಅನ್ನುವ ಹಾಗೆ. ಇಪ್ಪತ್ತು ವರ್ಷದಲ್ಲಿ ಮೇಜರನ ಬಗ್ಗೆ ಮಾತಾಡಲು ಒಬ್ಬರೂ ಸಿಗದಿದ್ದ ಹರ್ಷವರ್ಧನನಿಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಕರ್ನಲ್ಲನ ವಿಷಯ ಎತ್ತಲೆಂದು ಬಾಯಿ ತೆರೆದ. ಡಾಕ್ಟರು ಕೈ ಚಾಚಿದರು.

"ಕೊಡಿ."

"ಏನು?"

"ಪುಸ್ತಕ. ನಾನು ಎರಡನೇ ಭಾಗದಿಂದ ಓದೋಕೆ ಶುರು ಮಾಡಿದವಳು. ಮೊದಲನೇದು ಎಲ್ಲೂ ಸಿಗಲಿಲ್ಲ, ಮತ್ತೆ ಅಚ್ಚೇ ಆಗಿಲ್ಲ. ಹೋದ ಹೋದ ಊರಲ್ಲೆಲ್ಲ ಹುಡುಕಿದೀನಿ. ನನ್ನ ಹೆಸರಿನವಳು ರೀ ಅವಳು. ಅವನನ್ನ ಮೊದಲ ಸಲ ಎಲ್ಲಿ ನೋಡಿದಳು, ಏನಂದಳು, ಇವತ್ತಿನವರೆಗೂ ನನಗೆ ಗೊತ್ತಿಲ್ಲ."

ಹರ್ಷವರ್ಧನ ಪುಸ್ತಕವನ್ನು ಎದೆಗೆ ಅವುಚಿಕೊಂಡ. "ಖಂಡಿತ ಕೊಡ್ತೀನಿ ಮೇಡಂ. ಸಂಜೆ ಕೊಡ್ತೀನಿ. ಇನ್ನು ಮೂವತ್ತೇ ಪುಟ ಇದೆ."

"ನಿಮಗೆ ಗೊತ್ತಿರೋ ಮೂವತ್ತು ಪುಟ. ನನಗೆ ಗೊತ್ತಿಲ್ಲದ ಮುನ್ನೂರು ಪುಟ." ಆಕೆಯ ಕೈ ಹಿಂದೆ ಹೋಗಲಿಲ್ಲ. "ಯಾರಿಗೆ ಮೊದಲು ಸೇರಬೇಕು? ಹೊರಗೆ ನಿಮ್ಮ ಸಾಹೇಬರಿದಾರೆ, ಅವರನ್ನೇ ಕೇಳೋಣ್ವಾ?"

ಹೊರಗಿನಿಂದ ಗೌರೀಶರ ದನಿ ಕೇಳಿಸುತ್ತಿತ್ತು. ಅವರು ಪ್ರತಿಭಾಳಿಗೆ, "ಅನ್ನ ಬಿಟ್ಟು ಬದುಕಲಾರೆ ಅಂದ್ರಂತೆ ತಾಯಿ" ಎಂದು ವಿವರಿಸುತ್ತಿದ್ದರು. ಹರ್ಷವರ್ಧನನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಮೇಜರ್ ಅಭಿರಾಮ್ ಹಗ್ಗದ ಸಮೇತ ರಬ್ಬರ್ ಗ್ಲೌಸು, ಸಿರಿಂಜುಗಳ ನಡುವೆ ಚೀಲದೊಳಗೆ ಇಳಿದುಹೋದ.

ಬಾಗಿಲು ತೆರೆದು ಡಾಕ್ಟರು ಹೊರಗಿದ್ದವರಿಗೆ ಸಾರಿದರು. "ಮನುಷ್ಯರಿಗೆ ಔಷಧಿ ಬರೆಯೋ ಅಧಿಕಾರ ನನಗಿಲ್ಲ. ಸಲಹೆ ಕೊಡಬಲ್ಲೆ. ಗಾಬರಿ ಪಡೋದೇನಿಲ್ಲ, ಉಬ್ಬರ ಇಳಿದಿದೆ, ನೋಡಿ ಬೇಕಾದ್ರೆ."

ಎಲ್ಲರೂ ಇಣುಕಿ ನೋಡಿದರು. ಹೊಟ್ಟೆ ನೆಲದಂತೆ ಸಮತಟ್ಟಾಗಿತ್ತು. ಗೌರೀಶರು ಎರಡೂ ಕೈ ಜೋಡಿಸಿದರು. "ಮುಟ್ಟಿದ ಮಾತ್ರಕ್ಕೆ! ಮೇಡಂ, ನನ್ನದೂ ಒಂದು ಸಲ ನೋಡ್ತೀರಾ?"

"ಮೂರು ದಿನ ಮಂಚ ಬಿಟ್ಟು ಏಳಬಾರದು" ಎಂದು ಡಾಕ್ಟರು ಮುಂದುವರಿಸಿದರು. "ಬರೀ ಗಂಜಿ."

"ಮೂರಲ್ಲ, ಎಷ್ಟು ದಿನ ಬೇಕಾದ್ರೂ ತಗೊಳ್ಳಲಿ" ಎಂದರು ಗೌರೀಶರು.

ಮಲಗಿದ್ದಲ್ಲೇ ಹರ್ಷವರ್ಧನನಿಗೆ ಸಣ್ಣದೊಂದು ಆಸೆ ಚಿಗುರಿತು. ಮೂರು ದಿನ! ಮೊದಲನೆಯದು ಹೋದರೆ ಹೋಯಿತು, ನೇಮ ಮುರಿದರೂ ಚಿಂತೆಯಿಲ್ಲ, ಹತ್ತನೆಯದನ್ನಾದರೂ ಬಿಚ್ಚಬಹುದು.

ಪ್ರತಿಭಾ ಕಣ್ಣೊರೆಸಿಕೊಂಡು ಕೇಳಿದಳು. "ಮಲಗಿ ಮಲಗಿ ಬೇಜಾರಾಗುತ್ತೆ ಮೇಡಂ. ಏನಾದ್ರೂ ಓದಿಕೊಂಡಿರಬಹುದಾ?"

ಡಾಕ್ಟರು ಒಂದು ಗಳಿಗೆ ಯೋಚಿಸಿದರು. ಹತ್ತನೆಯ ಭಾಗ ತಮಗಿಂತ ಮೊದಲು ಇನ್ನೊಬ್ಬರು ಓದಿ ಮುಗಿಸುವುದು ಅವರಿಗೆ ಸರಿಕಾಣಲಿಲ್ಲವೆಂದು ತೋರುತ್ತದೆ. "ಓದೋದು ಮಾತ್ರ ಕೂಡದು" ಎಂದರು. "ಕಣ್ಣಿಗೂ ಕರುಳಿಗೂ ನೇರ ಸಂಬಂಧ."

"ಅದೆಷ್ಟು ನಿಜ!" ಎಂದು ಗೌರೀಶರು ತಮ್ಮ ಕನ್ನಡಕ ತೆಗೆದು ಜೇಬಿಗಿಟ್ಟರು.

ಮೂರು ದಿನ ಪ್ರತಿಭಾ ಗಂಡನ ಪಕ್ಕ ಬಿಟ್ಟು ಕದಲಲಿಲ್ಲ. ಅನುಮಾನಪಟ್ಟ ತಪ್ಪಿಗೆ ಪ್ರಾಯಶ್ಚಿತ್ತವೆಂದು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ, ಹೋದ ವರ್ಷದ ಪಂಚಾಂಗವನ್ನೂ ಸೇರಿಸಿ, ಬೀರುವಿಗೆ ಹಾಕಿ ಬೀಗ ಜಡಿದಳು. ಹೊತ್ತಿಗೆ ಒಂದು ಲೋಟ ಗಂಜಿ, ಗಂಗಯ್ಯನ ಕಡೆಯಿಂದ ಒಂದು ಲೋಟ ಹಾಗಲದ ರಸ. ಹರ್ಷವರ್ಧನ ತೊಲೆಯಲ್ಲಿದ್ದ ಗಂಟುಗಳನ್ನು ಎಣಿಸಿ ಮುಗಿಸಿ, ಸಣ್ಣದರಿಂದ ದೊಡ್ಡದಕ್ಕೆ ಹೆಸರಿಟ್ಟ.

ಭಾನುವಾರ ಬೆಳಿಗ್ಗೆ ಸ್ಕೂಟರಿನ ಸದ್ದಾಯಿತು. ಡಾಕ್ಟರು ಬಂದರು. ಮೂರು ದಿನ ಸರಿಯಾಗಿ ನಿದ್ದೆ ಮಾಡದ ಕಣ್ಣುಗಳು, ಆದರೆ ಮುಖದಲ್ಲಿ ಏನೋ ಕಾಂತಿ. ಪ್ರತಿಭಾ ಕಾಫಿ ತರಲು ಒಳಗೆ ಹೋದದ್ದೇ ಹರ್ಷವರ್ಧನ ಚಂಗನೆ ಎದ್ದು ಕೂತ.

"ಓದಿ ಆಯ್ತಾ ಮೇಡಂ?"

"ಆಯ್ತು. ಶುಕ್ರವಾರ ರಾತ್ರೀನೇ ಆಯ್ತು."

"ಹೆಂಗಿತ್ತು?"

ಡಾಕ್ಟರು ಚೀಲದ ಮೇಲೆ ಕೈಯಾಡಿಸಿದರು. "ಹಂಗಿತ್ತು" ಎಂದರು ಕೊನೆಗೆ. ಇಬ್ಬರೂ ತಲೆಯಾಡಿಸಿದರು.

"ಸರಿ ಮೇಡಂ, ಕೊಡಿ ಹಾಗಾದ್ರೆ. ಇನ್ನು ಮೂವತ್ತೇ ಪುಟ. ಮುಗಿಸಿ ನಾಳೆ ಆಫೀಸಿಗೆ ಹೋಗ್ತೀನಿ."

ಡಾಕ್ಟರು ಚೀಲವನ್ನು ಮಡಿಲಿಗೆ ಎಳೆದುಕೊಂಡು ನೆಲ ನೋಡಿದರು. ಮೊದಲ ಸಲ ಆ ಗಟ್ಟಿ ಹೆಂಗಸಿನ ಮುಖದಲ್ಲಿ ನಾಚಿಕೆ ಕಂಡಿತು.

"ಕೊಡೋಣ ಅಂತಲೇ ತಂದೆ ಸಾರ್. ಆದ್ರೆ ಮೊದಲ ಸಲ ಮುಂದೇನು ಮುಂದೇನು ಅಂತ ಓಡಿಬಿಟ್ಟೆ, ಏನೂ ಸರಿಯಾಗಿ ನೋಡಲೇ ಇಲ್ಲ. ಅದಕ್ಕೆ ನಿನ್ನೆಯಿಂದ ಇನ್ನೊಂದು ಸಲ ಶುರು ಮಾಡಿದೀನಿ. ನಿಮಗೆ ಹೇಳಬೇಕಾ? ಅದು ಎರಡನೇ ಸಲ ಓದೋ ಪುಸ್ತಕ."

ಹರ್ಷವರ್ಧನ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಲೋಕದಲ್ಲಿ ಈ ಮಾತಿಗೆ ಎದುರಾಡಲಾಗದ ಮನುಷ್ಯ ಒಬ್ಬನಿದ್ದರೆ ಅದು ಅವನೇ.

ಪ್ರತಿಭಾ ಕಾಫಿ ಹಿಡಿದು ಬಂದಳು. "ಹೇಗಿದಾರೆ ಮೇಡಂ? ನಾಳೆಯಿಂದ ಏಳಬಹುದಾ?"

ಡಾಕ್ಟರು ಲೋಟ ತೆಗೆದುಕೊಂಡು ರೋಗಿಯ ಕಡೆ ಒಮ್ಮೆ ಕರುಣೆಯಿಂದ ನೋಡಿದರು.

"ಇನ್ನೊಂದು ನಾಲ್ಕು ದಿನ ಹೋಗಲಿ" ಎಂದರು. "ನಾನು ನಿಧಾನಕ್ಕೆ ನೋಡಬೇಕು."